ನಾಲ್ಕು ಮನೆಯ ಬೆಳ್ಳಿ, ಒಂದು ಖಾಲಿ ಚೌಕ

"ಥತ್ ಇದರ! ಮತ್ತೆ ಬಂತು!"

ಹಿರಿಯೂರು ಠಾಣೆಯ ಸಬ್ ಇನ್ಸ್‌ಪೆಕ್ಟರ್ ಏಕಾಂತಪ್ಪ ಕೈಲಿದ್ದ ರಟ್ಟಿನ ತುಂಡನ್ನು ನೆಲಕ್ಕೆ ಬಡಿದ. ಬೆಳಗಿನ ಎಂಟು ಗಂಟೆ. ಕಾಫಿ ಆರಿ ಕೆನೆ ಕಟ್ಟಿತ್ತು. ಅರ್ಧ ಗಡ್ಡ ಹೆರೆದುಕೊಂಡು ಎದ್ದು ಬಂದಿದ್ದ ಮಹಾರಾಯ, ಇನ್ನರ್ಧ ಇರುವುದನ್ನೇ ಮರೆತಿದ್ದ.

ನೆಲದ ಮೇಲೆ ನಾಲ್ಕು ತುಂಡು. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಮೆಟ್ಟಿಲಿನ ಹಾಗೆ ಕಚ್ಚು ಇರುವ ಎರಡು ತುಂಡು. ಹಳೇ ಕ್ಯಾಲೆಂಡರಿನ ರಟ್ಟಿನ ಮೇಲೆ ಅಸಲಿ ಬೆಳ್ಳಿಯ ತುಂಡುಗಳನ್ನೇ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಅವನೇ ಕತ್ತರಿಸಿದ್ದು.

ದೊಡ್ಡ ತ್ರಿಕೋನವನ್ನು ಚೂಪು ತುದಿಯ ಕಡೆ ಇಟ್ಟು ಜೋಡಿಸಿದರೆ ಉದ್ದ ಹದಿಮೂರು ಚೌಕ, ಎತ್ತರ ಐದು ಚೌಕ, ಭರ್ತಿ ತ್ರಿಕೋನ. ದೊಡ್ಡದರ ಜಾಗಕ್ಕೆ ಚಿಕ್ಕದು, ಚಿಕ್ಕದರ ಜಾಗಕ್ಕೆ ದೊಡ್ಡದು ಇಟ್ಟು ಜೋಡಿಸಿದರೆ ಆಗಲೂ ಹದಿಮೂರೇ, ಐದೇ. ಆದರೆ ಬುಡದಲ್ಲಿ ಸರಿಯಾಗಿ ಒಂದು ಚೌಕದಷ್ಟು ಖಾಲಿ!

ಕತ್ತರಿ ಮುಟ್ಟಿಲ್ಲ. ಚೂರು ಕಳೆದಿಲ್ಲ. ಹಾಗಾದರೆ ಆ ಒಂದು ಚೌಕ ಎಲ್ಲಿ ಹಾಳಾಗಿ ಹೋಯಿತು?

ಇದೇ ಒಂದು ಚೌಕದ ದೆಸೆಯಿಂದ ಬಿಳಿಗಲ್ಲಹಟ್ಟಿಯ ರಂಗಯ್ಯ ಮೂರು ದಿನದಿಂದ ಲಾಕಪ್ಪಿನಲ್ಲಿ ಕುಳಿತಿದ್ದ.

ಹರಿಯಬ್ಬೆ ದಾಟಿದರೆ ಸಿಗುವ ಹಟ್ಟಿ ಅದು. ಕುರಿ ಕಾಯುವವರ ಊರು. ಅಲ್ಲಿನ ಬೀರದೇವರಿಗೆ ಸೇರಿದ, ಚೌಕದ ಗೆರೆ ಕೊರೆದ ಬೆಳ್ಳಿ ತಗಡು ನಾಲ್ಕು ತುಂಡಾಗಿದೆ. ನಾಲ್ಕು ಮನೆತನ, ಮನೆಗೊಂದು ತುಂಡು. ಹನ್ನೆರಡು ವರ್ಷಕ್ಕೊಮ್ಮೆ ನಾಲ್ಕೂ ಮನೆಯವರು ತಂದು, ದೇವರ ಮುಂದೆ ಹಾಸಿದ ಕರಿಕಂಬಳಿ ಗದ್ದಿಗೆಯ ಮೇಲೆ ಕೂಡಿಸಬೇಕು. ಆಮೇಲೆ ಮತ್ತೆ ಹನ್ನೆರಡು ವರ್ಷ ಒಬ್ಬರ ತುಂಡನ್ನು ಇನ್ನೊಬ್ಬರು ಕಣ್ಣಿಂದಲೂ ನೋಡುವಂತಿಲ್ಲ. ಕಳೆದ ಸಲ ಕೂಡಿಸಿದ್ದು ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಹೇಗೆ ಕೂಡಿಸಿದ್ದರು ಅಂತ ನೆನಪಿಟ್ಟುಕೊಳ್ಳಲು ಯಾರಿಗೆ ತಾನೇ ಆದೀತು?

ಈ ಸೋಮವಾರ ಕೂಡಿಸಿದಾಗ ಬುಡದಲ್ಲಿ ನಾಲ್ಕು ಬೆರಳಗಲದ ಖಾಲಿ ಕಂಡಿತು. ರಂಗಯ್ಯನ ಮನೆಯ ಕಚ್ಚಿನ ತುಂಡಿನ ಮಗ್ಗುಲಲ್ಲೇ ಕಂಡಿತು. ಸಂಜೆ ಪೊಲೀಸರು ಹುಡುಕಿದರೆ ಅವನ ಉಣ್ಣೆ ಚೀಲದಲ್ಲಿ ನಾಲ್ಕು ಬೆರಳಗಲದ ಒಂದು ಬೆಳ್ಳಿ ಚೌಕ ಸಿಕ್ಕಿತು. ಖಾಲಿ ಜಾಗಕ್ಕೆ ಇಟ್ಟರೆ ಅಳತೆ ಮಾಡಿಸಿದ ಹಾಗೆ ಕೂತುಬಿಟ್ಟಿತು.

ಇನ್ನೇನು ಬೇಕು? ಇವತ್ತು ಮಧ್ಯಾಹ್ನ ಹಟ್ಟಿಯವರು ಸೇರಿ ರಂಗಯ್ಯನ ಮನೆಗಿದ್ದ ತುಂಡು ಕಾಯುವ ಹಕ್ಕು ಕಿತ್ತು ಬೇರೆಯವರಿಗೆ ಕೊಡುವವರಿದ್ದರು. ಹಕ್ಕು ಹೋದರೆ ಗದ್ದಿಗೆ ಇಲ್ಲ, ಹೆಣ್ಣು ಕೊಡುವುದು ತರುವುದು ಇಲ್ಲ, ಊರ ಬಾವಿಯ ನೀರೂ ಇಲ್ಲ. ಕೋರ್ಟಿನ ಶಿಕ್ಷೆ ಆರು ತಿಂಗಳಿಗೆ ಮುಗಿದೀತು. ಇದು ಮೊಮ್ಮಕ್ಕಳ ತನಕ ಮುಗಿಯುವುದಲ್ಲ.

"ರೀ, ಗಡ್ಡದ ಸೋಪು ಒಣಗೈತೆ ನೋಡ್ರಿ," ಎಂದಳು ಹೆಂಡತಿ ಅನ್ನಪೂರ್ಣಮ್ಮ. ಹೊಳಲ್ಕೆರೆಯ ಹೆಣ್ಣು. ಕ್ವಾರ್ಟರ್ಸಿನ ಹೆಂಗಸರ ರವಿಕೆಗಳೆಲ್ಲ ಅವಳ ಹೊಲಿಗೆ ಮಿಷನ್ನಿನ ಕೆಳಗೇ ಹಾಯಬೇಕು.

"ಗಡ್ಡ ಹಾಳಾಗ್ಲಿ. ಇಲ್ಲಿ ಬಾ. ನನಗೆ ತಲೆ ಕೆಟ್ಟೈತೋ ಇಲ್ಲ ಈ ರಟ್ಟಿಗೆ ದೆವ್ವ ಹಿಡಿದೈತೋ ನೀನೇ ಹೇಳು."

ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಅವನು ಒಮ್ಮೆ ಭರ್ತಿ ಜೋಡಿಸಿ ತೋರಿಸಿದ, ಒಮ್ಮೆ ಖಾಲಿ ಬರುವ ಹಾಗೆ ಜೋಡಿಸಿ ತೋರಿಸಿದ. ತೋರಿಸುತ್ತಾ ಅವನ ಮೊಣಕಾಲು ಒಂದೇ ಸಮನೆ ಅದುರುತ್ತಿತ್ತು.

"ಕಾಲು ಅಲ್ಲಾಡಿಸ್ಬ್ಯಾಡ್ರಿ, ಮನೆಗೆ ಒಳ್ಳೇದಲ್ಲ," ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿ ಓರೆಯ ಅಂಚನ್ನೇ ನೋಡತೊಡಗಿದಳು. ಎದ್ದು ಹೋಗಿ ಕಪ್ಪು ದಾರ ತಂದಳು. ಅದರ ಒಂದು ತುದಿಯನ್ನು ಚೂಪು ಮೂಲೆಗೆ, ಇನ್ನೊಂದನ್ನು ಮೇಲಿನ ಮೂಲೆಗೆ ಇಟ್ಟು ಬಿಗಿಯಾಗಿ ಎಳೆದಳು.

"ಇದು ನೆಟ್ಟಗಿಲ್ಲ ಕಣ್ರೀ."

"ಏನು ನೆಟ್ಟಗಿಲ್ಲ?"

"ಈ ಓರೆ. ನೋಡ್ರಿ, ಭರ್ತಿ ಐತಲ್ಲ, ಇದರಾಗೆ ಅಂಚು ದಾರದಿಂದ ಒಂಚೂರು ಒಳಗೆ ಕುಸಿದೈತೆ. ಈಗ ಖಾಲಿ ಬರೋದನ್ನ ಜೋಡಿಸ್ರಿ... ಹಾಂ. ಇದರಾಗೆ ಅಂಚು ದಾರದಿಂದ ಆಚೆ ಉಬ್ಬೈತೆ. ಎರಡು ತ್ರಿಕೋನದ ಓರೆಯೂ ಒಂದೇ ಅಲ್ಲ. ಒಂದು ಒಂದೆಳೆ ಕಡಿದು, ಒಂದು ಒಂದೆಳೆ ಚಪ್ಪಟೆ. ಕಣ್ಣಿಗೆ ಒಂದೇ ಥರ ಕಾಣ್ತಾವೆ ಅಷ್ಟೆ."

"ಅದಕ್ಕೂ ಚೌಕಕ್ಕೂ ಏನೇ ಸಂಬಂಧ?"

"ಅಯ್ಯೋ ನಿಮ್ಮ! ಕುಸಿದದ್ದಕ್ಕೂ ಉಬ್ಬಿದ್ದಕ್ಕೂ ನಡುವೆ ಸೂಜಿಯಂಗೆ ಉದ್ದಕ್ಕೆ ಒಂದು ಪಟ್ಟಿ ಜಾಗ ಐತೆ. ಆ ಪಟ್ಟೀನೇ ನಿಮ್ಮ ಒಂದು ಚೌಕ. ಅಂಚಿನಾಗೆ ಉಬ್ಬಿದಷ್ಟು ಬುಡದಾಗೆ ಖಾಲಿ ಆಗ್ತೈತೆ. ರವಿಕೆ ಬಟ್ಟೆ ಓರೆ ಹೋದಾಗ ನಾನು ದಿನಾ ಪಡೋ ಪಾಡು ಇದೇ."

ಏಕಾಂತಪ್ಪ ಬಗ್ಗಿ ಓರೆಯ ಅಂಚಿನ ಮೇಲೆ ಬೆರಳಾಡಿಸಿದ. ಇಷ್ಟು ಸಣ್ಣ ಉಬ್ಬು ರಟ್ಟಿನ ಮೇಲೇ ಕಾಣದು, ಇನ್ನು ಉಣ್ಣೆ ಎದ್ದ ಕರಿಕಂಬಳಿಯ ಮೇಲೆ ಯಾರ ಕಣ್ಣಿಗೆ ಬೀಳಬೇಕು?

"ಅಂದ್ರೆ ಬೆಳ್ಳಿ ಕಳೆದೇ ಇಲ್ಲ!"

"ಇಲ್ಲ."

"ಕಳೆದೇ ಇಲ್ಲ ಅಂದ್ಮೇಲೆ ರಂಗಯ್ಯನ ಚೀಲದಾಗೆ ಸಿಕ್ಕಿದ ಚೌಕ ಎಲ್ಲಿಂದ ಬಂತೇ?"

ಅನ್ನಪೂರ್ಣಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಅದನ್ನ ಹುಡುಕೋದಕ್ಕೇ ಅಲ್ಲವಾ ಸರ್ಕಾರ ನಿಮಗೆ ಸಂಬಳ ಕೊಡೋದು? ಮೊದಲು ಆ ಇನ್ನರ್ಧ ಗಡ್ಡ ತೆಗೀರಿ."

ಜೀಪು ಹರಿಯಬ್ಬೆ ಕಡೆ ಹೋಗುವ ರಸ್ತೆ ಬಿಟ್ಟು ಕಚ್ಚಾ ರಸ್ತೆಗೆ ಇಳಿದಾಗ ಏಕಾಂತಪ್ಪ ಹಿಂದಕ್ಕೆ ತಿರುಗಿದ. ಬೇಡಿ ಹಾಕಿದ ಕೈಗಳನ್ನು ತೊಡೆ ಮೇಲಿಟ್ಟುಕೊಂಡು ರಂಗಯ್ಯ ಕೂತಿದ್ದ. ಮೂವತ್ತರ ಆಳು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು.

"ರಂಗಯ್ಯ, ಆ ಚೌಕ ನಿನ್ನ ಚೀಲಕ್ಕೆ ಹೆಂಗೆ ಬಂತು?"

"ಗೊತ್ತಿಲ್ಲ ಸಾಹೇಬ್ರೆ."

"ನಿನ್ನ ಮನೆ ತುಂಡಿನಿಂದ ಏನೂ ಹೋಗಿಲ್ಲ. ಅದನ್ನ ನಾನು ಇವತ್ತು ಎಲ್ಲರ ಮುಂದೆ ತೋರಿಸ್ತೀನಿ."

ಖುಷಿಪಡಬೇಕಾಗಿದ್ದ ಮನುಷ್ಯ ಬೆಚ್ಚಿಬಿದ್ದ. "ಹೋಗಿಲ್ವಾ? ಹಂಗಾದ್ರೆ ನಾನು..." ಎಂದವನು ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ.

ಕಳ್ಳನ ಮುಖ ಹಾಗಿರುವುದಿಲ್ಲ. ಆದರೆ ಏನೂ ಅರಿಯದವನ ಮುಖವೂ ಹಾಗಿರುವುದಿಲ್ಲ. ಏಕಾಂತಪ್ಪ ಡ್ರೈವರನಿಗೆ "ಜಲ್ದಿ ಹೊಡೀಲೇ" ಎಂದು ಗದರಿದ.

ಬೀರದೇವರ ಗುಡಿಯಂಗಳದಲ್ಲಿ ಹಟ್ಟಿಗೆ ಹಟ್ಟಿಯೇ ಸೇರಿತ್ತು. ಕಂಬಳಿ ಗದ್ದಿಗೆಯ ಆಚೆ ದೊಡ್ಡ ತ್ರಿಕೋನದ ಹಿರೀ ಮನೆಯ ಯಜಮಾನ ಬೀರಪ್ಪ, ಎಪ್ಪತ್ತರ ಮುದುಕ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ದೂರು ಕೊಟ್ಟವನೂ ಅವನೇ, ರಂಗಯ್ಯನಿಗೆ ಹೆಣ್ಣು ಕೊಟ್ಟ ಮಾವನೂ ಅವನೇ. ಅಳಿಯ ಅಂತ ನೋಡದೆ ನ್ಯಾಯ ಹಿಡಿದ ದೊಡ್ಡ ಮನುಷ್ಯ ಅಂತ ಊರೆಲ್ಲ ಅವನನ್ನು ಹೊಗಳಿತ್ತು. ಪಕ್ಕದಲ್ಲಿ ಚಿಕ್ಕ ತ್ರಿಕೋನದ ಮನೆಯ ಚಿತ್ರಲಿಂಗಪ್ಪ. ಹೆಂಗಸರ ಸಾಲಿನ ಮುಂದೆ ಇನ್ನೊಂದು ಕಚ್ಚಿನ ತುಂಡಿನ ಮನೆಯ ವಿಧವೆ ಉಚ್ಚಂಗಮ್ಮ, ಮಗ್ಗುಲಲ್ಲಿ ಮಜ್ಜಿಗೆಯ ಚೊಂಬು. ಕಂಬದ ಮರೆಯಲ್ಲಿ ರಂಗಯ್ಯನ ಹೆಂಡತಿ ಓಬಕ್ಕ, ಅತ್ತೂ ಅತ್ತೂ ಕಣ್ಣು ಬಾತಿದ್ದವು.

"ಬರ್ರಿ ಸಾಹೇಬ್ರೆ, ಕುಂತ್ಕಳ್ರಿ," ಎಂದ ಚಿತ್ರಲಿಂಗಪ್ಪ. "ಕಳ್ಳನ್ನ ಕರ್ಕಂಡು ಬಂದಿದ್ದು ಒಳ್ಳೇದಾತು. ಅವನ ಎದುರಿಗೇ ಹಕ್ಕು ಕಿತ್ತು ನಮ್ಮ ಮನೆಗೆ ಕೊಡ್ಲಿ."

"ನಿಮ್ಮ ಮನೆಗೇ ಯಾಕೆ ಚಿತ್ರಲಿಂಗಪ್ಪ?"

"ಮತ್ತೆ ಯಾರಿಗೆ? ನಂದೇ ಚಿಕ್ಕ ತುಂಡು. ನಮಗೂ ಒಂದೀಟು ಮರ್ಯಾದೆ ಬ್ಯಾಡವಾ?"

"ಸೋಮವಾರ ತುಂಡುಗಳನ್ನ ಜೋಡಿಸಿದ್ದು ನೀನಾ?"

"ನಾನ್ಯಾಕೆ ಜೋಡಿಸ್ಲಿ? ಅದು ಹಿರೀ ಮನೆ ಕೆಲಸ. ಯಜಮಾನ್ರು ಜೋಡಿಸಿದ್ರು."

ಏಕಾಂತಪ್ಪ ಬೀರಪ್ಪನತ್ತ ಒಮ್ಮೆ ನೋಡಿದ. ಮುದುಕನ ರೆಪ್ಪೆ ಕೂಡ ಅಲುಗಲಿಲ್ಲ.

ಬೂಟು ಬಿಚ್ಚಿಟ್ಟು, ಠಾಣೆಯಿಂದ ತಂದ ಗಂಟು ಬಿಚ್ಚಿ, ಏಕಾಂತಪ್ಪ ನಾಲ್ಕು ಬೆಳ್ಳಿ ತುಂಡುಗಳನ್ನು ಸೋಮವಾರ ಇದ್ದ ಹಾಗೆಯೇ ಚಿತ್ರಲಿಂಗಪ್ಪನ ಕೈಲಿ ಗದ್ದಿಗೆಯ ಮೇಲೆ ಇಡಿಸಿದ. ಬುಡದಲ್ಲಿ ಖಾಲಿ ಚೌಕ ಬಾಯಿ ತೆರೆಯಿತು. ಜನ ಲೊಚಗುಟ್ಟಿದರು.

"ಈಗ ದೊಡ್ಡದನ್ನ ಈ ಕಡೆಗೆ, ಚಿಕ್ಕದನ್ನ ಆ ಕಡೆಗೆ. ಕಚ್ಚಿನ ತುಂಡು ಎರಡನ್ನೂ ಹತ್ತಿರ ತಳ್ಳು. ಹಾಂ, ಹಂಗೆ."

ಚಿತ್ರಲಿಂಗಪ್ಪನ ಕೈ ಅಲ್ಲೇ ನಿಂತಿತು. ಖಾಲಿ ಮಾಯವಾಗಿತ್ತು. ನಾಲ್ಕೇ ತುಂಡು, ಭರ್ತಿ ತ್ರಿಕೋನ.

"ಎಲಾ ಇವ್ನ! ಸಾಹೇಬ್ರು ಏನೋ ಕಣ್ಕಟ್ಟು ಮಾಡ್ತಾರೆ!"

"ಕಣ್ಕಟ್ಟು ಮಾಡಿದ್ದು ನಾನಲ್ಲ. ತಗೋ ಈ ದಾರ, ನೀನೇ ಹಿಡಿದು ನೋಡು."

ದಾರ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ನಾಲ್ಕು ಜನ ಮುದುಕರು ಮಂಡಿಯೂರಿ ಕಂಬಳಿಗೆ ಮೂಗು ತಾಗಿಸಿ ನೋಡಿದರು. ಉಬ್ಬು, ಕುಸಿತ, ಎರಡೂ ಕಂಡವು. ಅಂಗಳದಲ್ಲಿ ಜೇನು ಎದ್ದ ಹಾಗೆ ಗದ್ದಲ ಎದ್ದಿತು.

"ಬೆಳ್ಳಿ ಒಂದು ಗುಲಗಂಜಿಯಷ್ಟೂ ಕಳೆದಿಲ್ಲ!" ಏಕಾಂತಪ್ಪ ಗಂಟಲೇರಿಸಿದ. "ರಂಗಯ್ಯ ಕಳ್ಳ ಅಲ್ಲ. ಕಳುವೇ ಆಗಿಲ್ಲ ಅಂದ್ಮೇಲೆ ಕಳ್ಳ ಎಲ್ಲಿಂದ ಬಂದಾನು? ದಫೇದಾರ್, ಬೇಡಿ ಬಿಚ್ಚು."

ಬೇಡಿ ಬಿಚ್ಚಿದ ಸದ್ದಿಗೆ ಓಬಕ್ಕ ಕಂಬದ ಮರೆಯಿಂದ ಓಡಿ ಬಂದಳು. ಬೀರಪ್ಪ ಮಾತ್ರ ಎದ್ದು ನಿಂತಿದ್ದ.

"ಬಿಚ್ಚಬ್ಯಾಡ್ರಿ ಸಾಹೇಬ್ರೆ! ಆ ಚೌಕ ಅವನ ಚೀಲದಾಗೇ ಸಿಕ್ಕಿದ್ದು ಸುಳ್ಳಾ?"

"ಸುಳ್ಳಲ್ಲ. ಅದೇ ಈಗ ಮಾತು." ಏಕಾಂತಪ್ಪ ಜೇಬಿನಿಂದ ಆ ಐದನೇ ತುಂಡನ್ನು ತೆಗೆದು ಹಿಂದುಮುಂದು ಮಾಡಿ ತೋರಿಸಿದ. "ನಾಲ್ಕು ತುಂಡಿನ ಬೆನ್ನೂ ಮಸಿ ಹಿಡಿದು ಕರ್ರಗೈತೆ. ಇದರ ಬೆನ್ನು ಮಲ್ಲಿಗೆಯಂಗೆ ಬೆಳ್ಳಗೈತೆ. ಇದು ಹೊಸಾದು. ಇತ್ತೀಚೆಗೆ ಯಾರದೋ ಒಡವೆ ಕರಗಿಸಿ ಬಡಿಸಿದ್ದು."

ಮಾತಾಡುತ್ತಲೇ ಅವನ ಕಣ್ಣು ಓಬಕ್ಕನ ಪಾದದ ಮೇಲೆ ಬಿತ್ತು. ಬಿಸಿಲಿಗೆ ಕಂದಿದ ಕಾಲು. ಹರಡಿನ ಮೇಲೆ ಮಾತ್ರ ಸುತ್ತಲೂ ಎರಡು ಬೆರಳಗಲದ ಬಿಳಿ ಪಟ್ಟಿ.

"ಓಬಕ್ಕ, ಕಾಲ್ಕಡಗ ಎಲ್ಲಮ್ಮ?"

ಅವಳು ಗಂಡನ ಮುಖ ನೋಡಿದಳು. ರಂಗಯ್ಯ ತಲೆ ತಗ್ಗಿಸಿದ.

"ನಾನೇ ಕೊಟ್ಟೆ ಸಾಹೇಬ್ರೆ," ಎಂದ ರಂಗಯ್ಯ, ತಗ್ಗಿದ ದನಿಯಲ್ಲಿ. "ಕೂಡಿಸೋದಕ್ಕೆ ಮೂರು ದಿನ ಮುಂಚೆ ಒಬ್ರು ಬಂದು ಹೇಳಿದ್ರು, ನಿಮ್ಮ ಮನೆ ತುಂಡಿನಾಗೆ ಒಂದು ಚೌಕ ಕಮ್ಮಿ ಐತೆ, ಹಟ್ಟಿ ಮುಂದೆ ಮಾನ ಹೋಗ್ತೈತೆ ಅಂತ. ಬೆಳ್ಳಿ ಕೊಡು, ಒಂದು ಚೌಕ ಬಡಿಸಿ ತರ್ತೀನಿ, ನಿನ್ನತ್ರ ಇಟ್ಕಂಡಿರು, ಕೂಡಿಸುವಾಗ ಯಾರಿಗೂ ಕಾಣದಂಗೆ ಸೇರಿಸಿ ಬಿಡ್ತೀನಿ ಅಂದ್ರು. ನಮ್ಮಪ್ಪನ ಕಾಲದಾಗೆ ಏನಾದ್ರೂ ಹೋಗಿರಬೌದು ಅಂತ ನಂಬಿದೆ. ನಮ್ಮ ಮನೆ ತಪ್ಪು, ನಾವೇ ತುಂಬಬೇಕಲ್ಲ?"

ಅಯ್ಯೋ ಹುಚ್ಚಪ್ಪ! ಎಂದುಕೊಂಡ ಏಕಾಂತಪ್ಪ. ಮಾಡದ ತಪ್ಪನ್ನು ಹೆಂಡತಿಯ ಕಾಲ ಬೆಳ್ಳಿ ಕೊಟ್ಟು ತುಂಬಲು ಹೋದವನನ್ನು ಮೂರು ದಿನ ಕಲ್ಲು ನೆಲದ ಮೇಲೆ ಮಲಗಿಸಿದ್ದು ತಾನೇ.

"ಯಾರು ಆ ಒಬ್ರು?"

"ಹೆಸರು ಹೇಳಾಕಾಗಲ್ಲ. ಕಂಬಳಿ ಮುಟ್ಟಿ ಆಣೆ ಮಾಡೀನಿ."

"ಜೈಲಿಗೆ ಹೋಗ್ತಿದ್ದೆ ಕಣೋ!"

"ಹೋಗ್ತಿದ್ದೆ. ಕಂಬಳಿ ಮುಟ್ಟಿದ್ದು ಮುಟ್ಟಿದ್ದೇ."

ಅಂಗಳದಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ. ಆ ಆಣೆ ಮುರಿದವನಿಗೆ ಹಟ್ಟಿಯಲ್ಲಿ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಏಕಾಂತಪ್ಪ ಚಿತ್ರಲಿಂಗಪ್ಪನ ಮುಖವನ್ನೇ ಕೆಕ್ಕರಿಸಿ ನೋಡುತ್ತಿದ್ದ. ಇನ್ನೊಂದು ಗಳಿಗೆ ಕಳೆದಿದ್ದರೆ ಅವನ ಕೊರಳಪಟ್ಟಿಗೇ ಕೈ ಹಾಕುತ್ತಿದ್ದನೋ ಏನೋ.

"ಆಣೆ ಮಾಡಿದ್ದು ಅವರು," ಎಂದಳು ಓಬಕ್ಕ. "ನಾನು ಮಾಡಿಲ್ಲ."

"ಓಬೀ, ಸುಮ್ಕಿರು!" ರಂಗಯ್ಯ ಅವಳ ಕೈ ಹಿಡಿದ.

"ಸುಮ್ಕಿರಲ್ಲ. ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸ್ಕಂಡೀನಿ. ಕಡಗ ಬಿಚ್ಚಿ ಅವರ ಕೈಗೆ ಹಾಕಿದಾಕಿ ನಾನೇ. ಇವತ್ತಲ್ಲ ನಾಳೆ ಅವರೇ ಬಾಯಿ ಬಿಡ್ತಾರೆ ಅಂತ ಮೂರು ದಿನ ಕಾದೆ. ಹಡೆದೋರ ಹೆಸರು ಹೆಂಗೆ ಹೇಳ್ಲಿ ಅಂತ ಕಾದೆ." ಕೈ ಎತ್ತಿ ಗದ್ದಿಗೆಯ ಆಚೆಗೆ ತೋರಿಸಿದಳು. "ನಮ್ಮಪ್ಪ. ನಮ್ಮಪ್ಪನೇ!"

ಹೆಂಗಸರ ಸಾಲಿನಲ್ಲಿ ಯಾರೋ "ಶಿವಶಿವಾ" ಎಂದರು.

ಬೀರಪ್ಪ ಇಲ್ಲ ಎನ್ನಲಿಲ್ಲ. ಗದ್ದಿಗೆಯ ಅಂಚಿನಲ್ಲಿ ಕುಸಿದು ಕೂತು ಮಗಳನ್ನೇ ನೋಡಿದ.

"ಹೌದು. ನಾನೇ. ದೊಡ್ಡದು ಚೂಪಿನ ಕಡೆ ಇಟ್ರೆ ಭರ್ತಿ, ಚಿಕ್ಕದು ಇಟ್ರೆ ಖಾಲಿ. ಇದು ಹಿರೀ ಮನೆಯೋರಿಗೆ ಮಾತ್ರ ಗೊತ್ತಿರೋ ಗುಟ್ಟು. ನಮ್ಮಪ್ಪ ನಂಗೆ ಹೇಳಿಕೊಟ್ಟಿದ್ದ."

"ಸ್ವಂತ ಅಳಿಯನ್ನ ಕಳ್ಳ ಅನ್ನಿಸಿದೆಯಲ್ಲಯ್ಯ!" ಏಕಾಂತಪ್ಪ ಅವನ ಮೇಲೆ ಏರಿಹೋದ. "ಮಗಳ ಸಂಸಾರ ಹಾಳು ಮಾಡಾಕೆ ನಿಂಗೆ ಮನಸ್ಸಾದ್ರೂ ಹೆಂಗೆ ಬಂತು?"

"ಸಂಸಾರ ಉಳೀಲಿ ಅಂತಲೇ ಮಾಡಿದ್ದು."

"ಏನು?"

"ಇವನ ಅಪ್ಪ ಮುದ್ದಣ್ಣ ಹೆಂಗೆ ಸತ್ತ, ಕೇಳ್ರಿ ಇವರನ್ನ. ಬಾವಿಗೆ ಬಿದ್ದ ಅಂತಾರೆ. ಹೋದ ಸಲ ಬೆಳ್ಳಿ ಕೂಡಿಸಿದ ಹದಿನೆಂಟನೇ ದಿನ. ಇವನ ತಾತನ್ನ ಹಾವು ಕಡೀತು ಅಂತಾರೆ. ಅದಕ್ಕೂ ಹಿಂದಿನ ಸಲ ಕೂಡಿಸಿದ ತಿಂಗಳೊಳಗೇ. ತಾತಂದು ನಂಗೆ ಗೊತ್ತಿಲ್ಲ. ಮುದ್ದಣ್ಣನ ಹೆಣ ತೊಳೆದೋನು ನಾನು. ಕುತ್ತಿಗೆ ಸುತ್ತ ಹಗ್ಗದ ಗುರುತು ಇತ್ತು."

ರಂಗಯ್ಯ ಓಬಕ್ಕನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಮಾವ..." ಎಂದ.

"ಹನ್ನೆರಡು ವರ್ಷ ಬಾಯಿ ಮುಚ್ಕಂಡಿದ್ದೆ. ಹೆದರಿ ಸತ್ತಿದ್ದೆ ಸಾಹೇಬ್ರೆ, ಸುಳ್ಳು ಯಾಕೆ ಹೇಳ್ಲಿ? ಆ ತುಂಡು ಕಾಯೋ ಗಂಡಸು ಈ ಹಟ್ಟಿಯಾಗೆ ಬದುಕಲ್ಲ. ಯಾರು ಕೊಲ್ತಾರೆ, ಯಾಕೆ ಕೊಲ್ತಾರೆ, ದೇವರಾಣೆಗೂ ಗೊತ್ತಿಲ್ಲ. ಈಗ ನನ್ನ ಅಳಿಯನ ಸರದಿ ಬಂತು. ಹಕ್ಕು ಹೋಗ್ಲಿ, ಮಾನ ಹೋಗ್ಲಿ, ಕಂಬಿ ಹಿಂದೆ ಪೊಲೀಸ್ರು ಕಾದ್ರೆ ಜೀವ ಆದ್ರೂ ಉಳೀತೈತೆ, ಮಗಳ ಕುಂಕುಮ ಉಳೀತೈತೆ ಅಂತ ಮಾಡಿದೆ." ಮುದುಕನ ಕಣ್ಣಲ್ಲಿ ನೀರಿಳಿಯಿತು. "ನೀವು ಬೇಡಿ ಬಿಚ್ಚಿಬಿಟ್ರಿ. ಇನ್ನು ಅವನ್ನ ಕಾಯೋರು ಯಾರು?"

ಇಡೀ ಹಟ್ಟಿ ಬೀರಪ್ಪನನ್ನೇ ನೋಡುತ್ತಿತ್ತು. ಚಿತ್ರಲಿಂಗಪ್ಪ, ದಫೇದಾರ, ಮಂಡಿಯೂರಿದ ಮುದುಕರು, ಎಲ್ಲರೂ ಅತ್ತಲೇ ನೋಡುತ್ತಿದ್ದರು. ರಂಗಯ್ಯನನ್ನು ನೋಡುತ್ತಿದ್ದವರು ಒಬ್ಬರೇ.

ಉಚ್ಚಂಗಮ್ಮ ಯಾವಾಗಲೋ ಎದ್ದು ಅವನ ಮಗ್ಗುಲಿಗೆ ಬಂದು ನಿಂತಿದ್ದಳು. ತಾಯಿ ಇಲ್ಲದ ಮಗುವನ್ನು ಸವರುವಂತೆ ಅವನ ಬೆನ್ನು ಸವರುತ್ತಿದ್ದಳು.

"ಮೂರು ದಿನದಿಂದ ಒಣಗೀಯ ನನ್ನಪ್ಪ, ಪೂರ್ತಿ ಕುಡಿ," ಎನ್ನುತ್ತಿದ್ದಳು.

ಏಕಾಂತಪ್ಪ ಗದ್ದಿಗೆ ಹಾರಿ ಕೈ ಚಾಚಿದ. ಅಷ್ಟರಲ್ಲಿ ರಂಗಯ್ಯ ಅವಳು ಕೊಟ್ಟ ಮಜ್ಜಿಗೆಯ ಚೊಂಬನ್ನು ಬಾಯಿಂದ ಕೆಳಗಿಳಿಸಿ, ಅಂಗೈಯಲ್ಲಿ ಮೀಸೆ ಒರೆಸಿಕೊಂಡ. ಚೊಂಬು ಖಾಲಿಯಾಗಿತ್ತು.